ಕಾಡು ಬಲ್ಲವನಿಗೆ ಕಾಡಿನ ಕೆಲಸ ಯಾಕಿಲ್ಲ?

ಕಳೆದ ತಿಂಗಳು ಕಾಡಂಚಿನ ಊರೊಂದರಲ್ಲಿ ಆನೆ ನುಗ್ಗಿದ ಸುದ್ದಿ ಮಾಡಲು ಹೋಗಿದ್ದೆ. ಬಾಳೆ ತೋಟ ಪೂರ್ತಿ ನೆಲ ಕಚ್ಚಿತ್ತು. ಫೋಟೊ ತೆಗೆಯುತ್ತಿದ್ದಾಗ ಪಿಯುಸಿ ಓದುವ ಹುಡುಗನೊಬ್ಬ ಹತ್ತಿರ ಬಂದ. 'ಅಣ್ಣಾ, ಫಾರೆಸ್ಟ್ ಆಫೀಸರ್ ಆಗ್ಬೇಕು ಅಂದ್ರೆ ಏನ್ ಓದ್ಬೇಕು?'

ಪಕ್ಕದಲ್ಲೇ ಅವನಪ್ಪ ನಿಂತಿದ್ದರು. ಹದಿನಾರು ವರ್ಷದಿಂದ ಕಳ್ಳಬೇಟೆ ತಡೆ ಶಿಬಿರದಲ್ಲಿ ವಾಚರ್. ಇವತ್ತಿಗೂ ಹೊರಗುತ್ತಿಗೆ. ಅಂದು ಬೆಳಿಗ್ಗೆ ಲದ್ದಿ ನೋಡಿ, ಹೆಜ್ಜೆ ನೋಡಿ, 'ಮೂರು ದೊಡ್ಡವು, ಒಂದು ಮರಿ, ಕೆರೆ ಕಡೆ ಹೋಗವೆ' ಎಂದು ಜೀಪಿನಲ್ಲಿ ಬಂದ ಸಾಹೇಬರಿಗೆ ಹೇಳಿದವರು ಅವರೇ.

ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೇಲಿನ ಬಾಗಿಲು ಐಎಫ್‌ಎಸ್. ಯುಪಿಎಸ್‌ಸಿ ಪರೀಕ್ಷೆ. ವಿಜ್ಞಾನ, ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್ ನಡೆಯಬೇಕು. ನಮ್ಮ ಹುಡುಗರಿಗೆ ಅದು ದೊಡ್ಡದಲ್ಲ. ದೊಡ್ಡದು ಬೇರೆ ಇದೆ. ಐಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಐಎಫ್‌ಎಸ್ ಮುಖ್ಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಜಿಲ್ಲೆ ಆಳಲು ಕನ್ನಡ ಸಾಕು, ಕಾಡು ಕಾಯಲು ಸಾಲದು! ಇದು ಯಾವ ಲೆಕ್ಕ?

ನಡುವಿನ ಬಾಗಿಲು ವಲಯ ಅರಣ್ಯಾಧಿಕಾರಿ, ಅಂದರೆ ನಾವು ಕರೆಯುವ ಆರ್‌ಎಫ್‌ಒ. ಅದಕ್ಕೂ ಪದವಿ ಬೇಕು. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆದರೆ ಸೇರಬಹುದು. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಇದನ್ನು ಎಷ್ಟು ಹಳ್ಳಿ ಕಾಲೇಜುಗಳಲ್ಲಿ ಹೇಳುತ್ತಾರೆ?

ಕೆಳಗಿನ ಬಾಗಿಲು ಅರಣ್ಯ ರಕ್ಷಕ ಮತ್ತು ಅರಣ್ಯ ವೀಕ್ಷಕ. ಇತ್ತೀಚಿನ ನೇಮಕಾತಿಗಳಲ್ಲಿ ರಕ್ಷಕನಿಗೆ ಪಿಯುಸಿ ಅಂಕ, ವೀಕ್ಷಕನಿಗೆ ಎಸ್‌ಎಸ್‌ಎಲ್‌ಸಿ ಅಂಕ ನೋಡಿ ಪಟ್ಟಿ ಮಾಡುತ್ತಾರೆ. ಆಮೇಲೆ ಓಟ, ಜಿಗಿತ, ಗುಂಡು ಎಸೆತ.

ನನ್ನ ತಕರಾರು ಇಲ್ಲಿದೆ. ಅಂಕಪಟ್ಟಿ ಹುಲಿ ಹೆಜ್ಜೆ ಗುರುತಿಸುತ್ತದೆಯೇ? ಉರುಳು ಎಲ್ಲಿ ಕಟ್ಟುತ್ತಾರೆ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರಿರುತ್ತದೆ, ಗಾಳಿ ತಿರುಗಿದರೆ ಬೆಂಕಿ ಎತ್ತ ಹೋಗುತ್ತದೆ, ಇದೆಲ್ಲ ಶೇಕಡಾ 90 ತೆಗೆದವನಿಗೆ ಗೊತ್ತೇ? ಗೊತ್ತಿಲ್ಲ. ಕೆಲಸಕ್ಕೆ ಬಂದ ಮೇಲೆ ಅದೇ ಹೊರಗುತ್ತಿಗೆ ವಾಚರ್ ಹಿಂದೆ ನಡೆದು ಕಲಿಯುತ್ತಾನೆ. ಕಲಿಸಿದವನು ಗುತ್ತಿಗೆಯಲ್ಲೇ ಉಳಿಯುತ್ತಾನೆ, ಕಲಿತವನಿಗೆ ಬಡ್ತಿ.

'ಓದು ಬೇಡವೇನ್ರೀ? ಮಹಜರು ಬರೆಯುವವರು ಯಾರು?' ಎಂದು ಅಧಿಕಾರಿಯೊಬ್ಬರು ನನ್ನನ್ನು ಕೇಳಿದರು. ಒಪ್ಪುತ್ತೇನೆ. ಮಹಜರು ತಪ್ಪಿದರೆ ಕೋರ್ಟಿನಲ್ಲಿ ಬೇಟೆಗಾರ ನಗುತ್ತಾ ಹೊರಗೆ ಬರುತ್ತಾನೆ. ಆದರೆ ಮಹಜರು ಬರೆಯುವುದನ್ನು ಆರು ತಿಂಗಳಲ್ಲಿ ಕಲಿಸಬಹುದು. ಹೇಗೂ ಆಯ್ಕೆಯಾದವರಿಗೆಲ್ಲ ತರಬೇತಿ ಇದೆಯಲ್ಲ. ಹದಿನಾರು ವರ್ಷದ ಕಾಡನ್ನು ಆರು ತಿಂಗಳಲ್ಲಿ ಕಲಿಸಲು ಆಗುತ್ತದೆಯೇ?

ಸಾವಿಗೆ ಅಂಕಪಟ್ಟಿ ಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚು ನಂದಿಸಲು ಹೋಗಿ ಸುಟ್ಟು ಸತ್ತವರು ಒಬ್ಬ ಅರಣ್ಯ ರಕ್ಷಕ. 2018ರ ಮಾರ್ಚ್‌ನಲ್ಲಿ ನಾಗರಹೊಳೆಯಲ್ಲಿ ಆನೆ ದಾಳಿಗೆ ಬಲಿಯಾದವರು ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕ, ಐಎಫ್‌ಎಸ್ ಅಧಿಕಾರಿ ಎಸ್. ಮಣಿಕಂಡನ್. ಕಾಡಿನೊಳಗೆ ಅಪಾಯ ಎಲ್ಲರಿಗೂ ಒಂದೇ. ಸಂಬಳ, ಪಿಂಚಣಿ, ಭದ್ರತೆ ಮಾತ್ರ ಬೇರೆ ಬೇರೆ.

ಅದಕ್ಕೇ ಕೇಳುತ್ತಿದ್ದೇನೆ. ಕೆಳಹಂತದ ನೇಮಕಾತಿಯಲ್ಲಿ ಶಾಲೆಯ ಅಂಕಕ್ಕೆ ಇರುವ ತೂಕ ಕಾಡಿನ ಸೇವೆಗೂ ಇರಲಿ. ವರ್ಷಕ್ಕಿಷ್ಟು ಅಂಕ ಎಂದು ಕೊಡಿ. ಕೋಣೆಯೊಳಗಲ್ಲ, ಕಾಡೊಳಗೆ ಒಂದು ದಿನ ಪರೀಕ್ಷೆ ಮಾಡಿ. ಐಎಫ್‌ಎಸ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡಿ. ಇದು ಕನಿಕರ ತೋರಿಸಿ ಎಂಬ ಬೇಡಿಕೆಯಲ್ಲ. ಊರಿನವನೇ ಸಮವಸ್ತ್ರದಲ್ಲಿದ್ದರೆ ಊರಿಗೂ ಇಲಾಖೆಗೂ ನಡುವಿನ ಅರ್ಧ ಜಗಳ ಮಾತಿನಲ್ಲೇ ಮುಗಿಯುತ್ತದೆ. ಕಾಡಿಗೂ ಅದೇ ಲಾಭ.

ಓದುವ ಹುಡುಗ ಹುಡುಗಿಯರೇ, ನಿಯಮ ಬದಲಾಗುವವರೆಗೆ ಕಾಯಬೇಡಿ. ಅಂಕ ತೆಗೆಯಿರಿ, ಓಟ ಬಿಡಬೇಡಿ. 'ಸೀಟು ಮಾಡಿಸಿ ಕೊಡ್ತೀನಿ' ಎಂದು ದುಡ್ಡು ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಶಾಸಕರು ಮುಂದಿನ ಸಲ ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ.

ಆ ಹುಡುಗ ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದ, 'ಅಂದ್ರೆ ನಾನು ಆಫೀಸರ್ ಆದ್ರೂ ನಮ್ಮಪ್ಪ ವಾಚರ್ರೇ ಅಲ್ವಾ ಅಣ್ಣಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ.