ಹಳೆಯ ವಾಚಿನ ಬೆನ್ನ ಮೇಲಿನ ಹೆಸರು

ಹಿತ್ತಾಳೆ ಪಾತ್ರೆ, ಕೆಟ್ಟ ರೇಡಿಯೋ, ಚಲಾವಣೆ ತಪ್ಪಿದ ನಾಣ್ಯಗಳನ್ನು ಕೇಳಿಕೊಂಡು ಹಳ್ಳಿ ತಿರುಗುವವರು ತಾಳವಾಡಿ ಬೆಟ್ಟ ಸೀಮೆಗೆ ಹೊಸಬರೇನಲ್ಲ. ಈಚಿನ ವರ್ಷಗಳಲ್ಲಿ ಅವರು ಕೇಳುವ ವಸ್ತುಗಳಿಗೆ ಕೈಗಡಿಯಾರವೂ ಸೇರಿದೆ. ಓಡಲಿ, ಓಡದಿರಲಿ, ಕೀ ಕೊಡುವ ಹಳೆಯ ವಾಚಾದರೆ ಸಾಕು. ನೂರಿನ್ನೂರು ರೂಪಾಯಿ ಕೈಗಿತ್ತು ಒಯ್ಯುತ್ತಾರೆ. ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದುದಕ್ಕೆ ಅಷ್ಟಾದರೂ ಬಂತಲ್ಲ ಎಂದು ಮನೆಯವರಿಗೂ ಸಮಾಧಾನ. ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಮಾರುವುದು ತಪ್ಪಲ್ಲವೆಂದೇ ನಾವೂ ಹೇಳುತ್ತೇವೆ. ನಮ್ಮ ತಕರಾರಿರುವುದು ಮಾರಿದ ಮೇಲೆ ವಾಚಿಗೆ ಆಗುವ ಗತಿಯ ಬಗ್ಗೆ.

ಬೆಟ್ಟದ ಮೇಲೆ ವಾಚೆಂದರೆ ಬಹುಮಟ್ಟಿಗೆ ಎಚ್.ಎಂ.ಟಿ. ವಾಚೇ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಆದರೂ ನಮ್ಮವರ ನಂಟಸ್ತಿಕೆ, ಸಂತೆ ವ್ಯಾಪಾರ ಚಾಮರಾಜನಗರದ ಕಡೆಗೇ ಇದ್ದುದರಿಂದ ವಾಚೂ ಆ ದಾರಿಯಲ್ಲೇ ಬಂತು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಈ ವಾಚುಗಳು, ಜನತಾ, ಸೋನಾ, ಪೈಲಟ್, ಕೋಹಿನೂರ್ ಎಂಬ ಹೆಸರುಗಳಲ್ಲಿ ಮದುವೆಯ ದಿನ ಅಳಿಯನ ಕೈಗೂ ನಿವೃತ್ತಿಯ ದಿನ ಮೇಷ್ಟರ ಕೈಗೂ ಏರಿದವು. ಉಡುಗೊರೆಯ ವಾಚಿನ ಬೆನ್ನ ಮೇಲೆ ಪಡೆದವರ ಹೆಸರನ್ನೂ ತಾರೀಕನ್ನೂ ಕೊರೆಸುವ ರೂಢಿಯಿತ್ತು. ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. ತಯಾರಿಸುವವರಿಲ್ಲದ ಮೇಲೆ ಕೊಳ್ಳುವವರು ಹುಟ್ಟಿಕೊಂಡರು. ಲೋಕದ ರೀತಿಯೇ ಹಾಗೆ.

ಹೀಗೆ ಹೋದ ವಾಚುಗಳಲ್ಲಿ ಎಷ್ಟೋ ಪಟ್ಟಣದ ಕಾರ್ಖಾನೆಗಳಲ್ಲಿ ಬೇರೆಯೇ ಅವತಾರ ತಾಳುತ್ತವೆ. ಮಾಸಿದ ಡಯಲಿನ ಬಣ್ಣ ಕಿತ್ತು ಗಿಳಿಹಸಿರನ್ನೋ ಕಡುಗೆಂಪನ್ನೋ ಬಳಿದು, ಮೇಲೆ ಹೊಸದಾಗಿ ಅಕ್ಷರ ಅಚ್ಚೊತ್ತುತ್ತಾರೆ. ಒಂದರ ಮುಳ್ಳು ಇನ್ನೊಂದಕ್ಕೆ, ಅದರ ಯಂತ್ರ ಮತ್ತೊಂದಕ್ಕೆ. ಬೆನ್ನ ಮೇಲಿನ ಹೆಸರನ್ನು ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ. ಕೊಳ್ಳುವವನಿಗೆ ಮಾತ್ರ ‘ಅಸಲಿ ಹಳೆಯದು’ ಎಂದೇ ಹೇಳುತ್ತಾರೆ. ಹೊರದೇಶದ ಸಂಗ್ರಹಕಾರರು ಇಂಥ ಕಲಬೆರಕೆಗೆ ಮುಂಬಯಿಯ ಹೆಸರಿಟ್ಟು ಗೇಲಿ ಮಾಡುವುದುಂಟು. ಕೆಲವರ ಕೈಚಳಕದಿಂದ ನಮ್ಮ ದೇಶದಿಂದ ಬಂದ ಹಳೆಯ ವಾಚೆಂದರೆ ಎಲ್ಲೆಡೆ ಸಂಶಯ. ಫಲಕದ ಮೇಲಿನ ಹೆಸರು ಅಳಿಸಿ ಬೇರೆ ಬರೆದರೆ ಊರಿಗೆ ಏನಾಗುತ್ತದೆಂಬುದನ್ನು ಕಾಸರಗೋಡಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಬೆಟ್ಟದ ಈ ಸಂಗತಿಯನ್ನು ಕಡಲ ಕರೆಯ ಪತ್ರಿಕೆಗೆ ಬರೆಯುವುದಕ್ಕೆ ಕಾರಣವಿದೆ. ನಮ್ಮ ಕಡೆ ಗಲ್ಫಿನ ದುಡ್ಡು ಹರಿದದ್ದು ಕಡಿಮೆ. ನಿಮ್ಮ ಕಡೆಯ ಮನೆಗಳಿಗೆ ಅದರ ಜೊತೆಗೆ ಸೀಕೋ ವಾಚುಗಳೂ ಬಂದವು. ಅವುಗಳಲ್ಲಿ ಬಲಬದಿಗೆ ಎರಡು ಗುಂಡಿಗಳಿರುವ ವಾಚೇನಾದರೂ ನಿಮ್ಮ ಕಪಾಟಿನಲ್ಲಿದ್ದರೆ ಅದು ಕ್ರೊನೋಗ್ರಾಫ್ ಇದ್ದೀತು. ಆಟೋಟದ ದಿನ ದೈಹಿಕ ಶಿಕ್ಷಕರು ಹಿಡಿಯುವ ಸ್ಟಾಪ್‌ವಾಚನ್ನು ಕೈಗಡಿಯಾರದೊಳಗೇ ಸೇರಿಸಿದರೆ ಅದೇ ಕ್ರೊನೋಗ್ರಾಫ್. ಹೆಸರಿಗೆ ಗ್ರೀಕಿನಲ್ಲಿ ‘ಕಾಲ ಬರೆಯುವುದು’ ಎಂದರ್ಥ. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಜೂಜಿನಲ್ಲಿ ರಿಯೊಸೆಕ್ ಎಂಬವನು ಬಳಸಿದ ಯಂತ್ರ ನಿಜವಾಗಿಯೂ ಡಯಲಿನ ಮೇಲೆ ಶಾಯಿಯ ಚುಕ್ಕೆ ಇಡುತ್ತಿತ್ತು. ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ ಕ್ರೊನೋಗ್ರಾಫ್ 1969ರಲ್ಲಿ ಬಂತು. ಸೀಕೋದ 6139 ಸಂಖ್ಯೆಯ ಯಂತ್ರ ಆ ಮೊದಲ ಕೆಲವುಗಳಲ್ಲಿ ಒಂದು. ಮೇಲಿನ ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಹನ್ನೆರಡಕ್ಕೆ ಹಾರುತ್ತದೆ. ಇದನ್ನೆಲ್ಲ ಆಳುವುದು ಒಳಗಿರುವ, ಕೋಟೆಯ ತೆನೆಗಳಂತೆ ಕಂಬ ಎದ್ದ ಪುಟ್ಟ ಚಕ್ರ. ಅಂಚಿನ ಅಂಕಿಗಳು ವೇಗ ಹೇಳುತ್ತವೆ: ಬಸ್ಸು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 45 ಸೆಕೆಂಡಿನಲ್ಲಿ ತಲುಪಿದರೆ ಗಂಟೆಗೆ 80 ಕಿಲೋಮೀಟರ್. ಅಮೆರಿಕದ ವ್ಯೋಮಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಸ್ಕೈಲ್ಯಾಬಿಗೆ ಹೋದಾಗ ಕೊಂಡೊಯ್ದದ್ದು ಇಂಥದೇ ಹಳದಿ ಮುಖದ ಸೀಕೋ. ಇಂದು ಸಂಗ್ರಹಕಾರರು ಆ ಮಾದರಿಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ವಾಚಿನ ಬೆಲೆ ಎಲ್ಲಿರುತ್ತದೆಂಬುದಕ್ಕೆ ಒಂದು ನಿದರ್ಶನ. ಚಿತ್ರನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಕ್ರೊನೋಗ್ರಾಫ್ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಅದೇ ಬಗೆಯ ಡಯಲಿನ ವಾಚುಗಳು ಅಂಗಡಿಯಲ್ಲಿದ್ದ ಕಾಲದಲ್ಲಿ ಅವಕ್ಕೆ ಗಿರಾಕಿಗಳೇ ಕಡಿಮೆ. ಈ ಒಂದು ವಾಚಿನ ಬೆನ್ನ ಮೇಲೆ, ಜೋಕೆಯಾಗಿ ಗಾಡಿ ಓಡಿಸೆಂದು ಹೆಂಡತಿ ಕೊರೆಸಿದ ಮಾತಿತ್ತು. ಅದು ಯಾರ ಕೈಯಲ್ಲಿತ್ತು, ಯಾರಿಂದ ಯಾರಿಗೆ ಬಂತು ಎಂಬುದೆಲ್ಲ ಗೊತ್ತಿತ್ತು. ಅದನ್ನೇ ನಮ್ಮ ವ್ಯಾಪಾರಿ ಕೊಂಡಿದ್ದರೆ ಮೊದಲು ಉಜ್ಜುತ್ತಿದ್ದದ್ದು ಆ ಬರಹವನ್ನೇ! ಬೆಟ್ಟದ ಮೇಷ್ಟರ ಜನತಾ ವಾಚಿಗೆ ಕೋಟಿ ಬಾರದು, ನಿಜ. ಆದರೆ ಹೆಸರಿರುವ ವಾಚು ಒಬ್ಬರ ವಾಚು. ಹೆಸರಳಿದದ್ದು ಬರಿಯ ಉಕ್ಕು.

ಸೀಕೋ ವಾಚಿನ ಬೆನ್ನಿಗಂತೂ ಇನ್ನೂ ಒಂದು ಮಹತ್ವವಿದೆ. ಆ ಕಾಲದ ಕ್ರಮಸಂಖ್ಯೆಯ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 64 ಎಂದು ಆರಂಭವಾದರೆ, ಎಪ್ಪತ್ತರ ದಶಕದ ಮಾದರಿಯಾದಲ್ಲಿ, 1976ರ ಏಪ್ರಿಲ್. ಇದನ್ನು ಉಜ್ಜಿದ ಮೇಲೆ ವಾಚಿನ ಜನ್ಮಪತ್ರಿಕೆಯನ್ನೇ ಸುಟ್ಟಂತೆ. ಬಣ್ಣ ಬಳಿದ ಡಯಲನ್ನು ಗುರುತಿಸುವುದೂ ಬಹಳ ಕಷ್ಟವಲ್ಲ. ಭೂತಗನ್ನಡಿ ಹಿಡಿದು ನೋಡಿ. ಅಕ್ಷರದ ಅಂಚು ದಪ್ಪಗೆ ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ಕೂಡುವುದಿಲ್ಲ, ನಿಮಿಷ ಎಣಿಸುವ ಪುಟ್ಟ ವರ್ತುಲದ ಅಂಕಿಗಳು ಅದರ ಮುಳ್ಳಿನಿಂದ ಓರೆಯಾಗಿರುತ್ತವೆ, ಡಯಲಿನ ತೀರ ಕೆಳಗಂಚಿನ ಸಣ್ಣ ಅಕ್ಷರಗಳು ಕಾಣೆಯಾಗಿರುತ್ತವೆ. ನಲವತ್ತೈವತ್ತು ವರ್ಷ ಬೆವರು ಕುಡಿದ ವಾಚಿನ ಮುಖ ಮೊನ್ನೆ ಹುಟ್ಟಿದಂತೆ ಫಳಫಳಿಸಿದರೆ ಅನುಮಾನಪಡುವುದೇ ವಿವೇಕ.

ಸಂಗ್ರಹಕಾರರನ್ನು ದೂರುವ ಉದ್ದೇಶ ನಮಗಿಲ್ಲ. ಬಿಡಿಭಾಗ ಹುಡುಕಿ, ನುರಿತ ರಿಪೇರಿಯವರಿಂದ ಎಣ್ಣೆ ಬಿಡಿಸಿ, ಸತ್ತ ವಾಚನ್ನು ಮತ್ತೆ ಓಡಿಸುವವರೂ ಅವರೇ. ಅಂಥವರು ಇಲ್ಲದಿದ್ದರೆ ಈ ವಾಚುಗಳೆಲ್ಲ ಗುಜರಿಗೇ. ಬಣ್ಣ ಬಳಿದರೆ ಬಳಿದದ್ದೆಂದು ಹೇಳಿ ಮಾರಲಿ; ಕೊಳ್ಳುವವನು ಇಷ್ಟವಿದ್ದರೆ ಕೊಳ್ಳಲಿ. ಬಾಯಿಮಾತು ಸಾಲದು, ಚೀಟಿಯಲ್ಲಿ ಬರೆದುಕೊಡಲಿ.

ಮನೆಯಲ್ಲಿ ಹಳೆಯ ವಾಚಿರುವವರು ಮಾಡಬೇಕಾದದ್ದು ಇಷ್ಟೆ. ಗುಂಡಿಗಳನ್ನು ಬಲವಂತವಾಗಿ ಒತ್ತಬೇಡಿ, ಬೂದಿಯಿಂದಲೋ ಪೇಸ್ಟಿನಿಂದಲೋ ತಿಕ್ಕಬೇಡಿ. ಮುಂದು ಹಿಂದಿನ ಫೋಟೋ ತೆಗೆದಿಟ್ಟುಕೊಳ್ಳಿ. ಕಟ್ಟಿಕೊಂಡವರು ಯಾರು, ಯಾವ ವರ್ಷ ಎಲ್ಲಿಂದ ಬಂತು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಒಂದು ಹಾಳೆಯಲ್ಲಿ, ಕನ್ನಡದಲ್ಲೇ, ಬರೆದು ವಾಚಿನ ಜೊತೆಗಿಡಿ. ಮಾರುವುದಿದ್ದರೆ ಇಬ್ಬರು ಮೂವರನ್ನು ವಿಚಾರಿಸಿ, ಆ ಹಾಳೆಯ ಸಮೇತ ಮಾರಿ. ಬೆನ್ನ ಮೇಲಿನ ಹೆಸರನ್ನು ಉಜ್ಜಕೂಡದೆಂದು ವ್ಯಾಪಾರಿಗೆ ಮೊದಲೇ ಹೇಳಿ. ಒಪ್ಪದವನು ಹೊರಟುಹೋದರೆ ಹೋಗಲಿ. ಇನ್ನೊಬ್ಬ ಬಂದೇ ಬರುತ್ತಾನೆ.