ಯಂತ್ರಗಳು ಬಂದವು, ಸಂಶೋಧಕರು ನಿಲ್ಲುವರೇ?

ನವಿಮುಂಬಯಿ: ಥಾಣೆ ಖಾರಿಯ ಈಚೆಗೆ ನಮ್ಮ ತುರ್ಭೆ, ಆಚೆಗೆ ಟ್ರಾಂಬೆ. ಮರಾಠಿಯಲ್ಲಿ ಎರಡಕ್ಕೂ ಹೆಸರು ತುರ್ಭೆಯೇ. ಆಚೆಯ ತುರ್ಭೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿಯೇ 'ಅನುಪಮ್' ಸಮಾಂತರ ಗಣಕಗಳು ರೂಪುಗೊಂಡವು. 1991ರಲ್ಲಿ ಪುಣೆಯ ಸಿ-ಡಾಕ್ 'ಪರಮ್ 8000' ಯಂತ್ರವನ್ನು ದೇಶಕ್ಕೆ ನೀಡಿತು. ಇಂದು ಯಂತ್ರಗಳ ಅಭಾವವು ಅಷ್ಟಾಗಿ ಇಲ್ಲ. ಅವುಗಳನ್ನು ದುಡಿಸಿಕೊಳ್ಳುವ ತರುಣ ಸಂಶೋಧಕರ ಸ್ಥಿತಿಯೇ ಚಿಂತಾಜನಕವಾದುದು.

2015ರಲ್ಲಿ ಕೇಂದ್ರ ಸರಕಾರವು 4,500 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಆರಂಭಿಸಿತು. ಅದರ ಫಲವಾಗಿ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಬಂದಿತು. ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕಗಳು! ಆದರೆ ಈ ವೇಗವು ತಾನಾಗಿ ಒದಗುವುದಿಲ್ಲ. ಒಂದು ಲೆಕ್ಕವನ್ನು ಸಾವಿರಾರು ಪ್ರೊಸೆಸರ್‌ಗಳಿಗೆ ಹಂಚಬೇಕು. ಅವು ಒಂದಕ್ಕೊಂದು ಉತ್ತರಕ್ಕಾಗಿ ಕಾಯುತ್ತ ಕೂರದಂತೆ ಪ್ರೋಗ್ರಾಂ ಬರೆಯಬೇಕು. ಹತ್ತು ಪ್ರೊಸೆಸರ್‌ಗಳಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಹತ್ತು ಸಾವಿರದಲ್ಲಿ ಮುಗ್ಗರಿಸುವುದುಂಟು. ಅದನ್ನು ತಿದ್ದುವ ಕೆಲಸ ಬಹುಮಟ್ಟಿಗೆ ಪಿಎಚ್.ಡಿ. ವಿದ್ಯಾರ್ಥಿಗಳದು ಹಾಗೂ ಡಾಕ್ಟರೇಟ್ ಮುಗಿಸಿದ ಪೋಸ್ಟ್ ಡಾಕ್ಟರಲ್ ಸಂಶೋಧಕರದು.

ಇದು ನಮಗೆ ದೂರದ ವಿಷಯವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದುದನ್ನು ಕಲ್ಯಾಣ, ಡೊಂಬಿವಲಿಯ ಕನ್ನಡಿಗರು ಮರೆತಿರಲಾರರು. ಅಂಥ ಮಳೆಯನ್ನು ಮುಂಗಾಣುವ ಯತ್ನಕ್ಕೆ ಪುಣೆಯಲ್ಲಿ 2024ರಲ್ಲಿ 'ಅರ್ಕ' ಸ್ಥಾಪನೆಯಾಯಿತು. 2025ರಲ್ಲಿ ಆರು ಕಿ.ಮೀ. ಚೌಕದ ಮುನ್ಸೂಚನಾ ವ್ಯವಸ್ಥೆಯೂ ಬಂದಿತು.

ಇಷ್ಟಾದರೂ ಸಂಶೋಧಕನ ಪಾಡೇನು? 2023ರ ಜನವರಿಯಿಂದ ಪರಿಷ್ಕೃತವಾದ ದರದಂತೆ ರಿಸರ್ಚ್ ಅಸೋಸಿಯೇಟ್‌ಗೆ ತಿಂಗಳಿಗೆ 58,000ದಿಂದ 67,000 ರೂ., ಮೇಲೆ ಮನೆಬಾಡಿಗೆ ಭತ್ಯೆ. ಮೊತ್ತವು ತೀರಾ ಅಲ್ಪವೆನ್ನಲಾಗದು. ತೊಡಕಿರುವುದು ಅವಧಿಯಲ್ಲಿ. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಎರಡು ವರ್ಷಗಳದು; ಯಂತ್ರ ಕೈಗೆ ಒಗ್ಗುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತು. ಆತ ತೆರಳಿದ ಮೇಲೆ ಅವನ ಪ್ರೋಗ್ರಾಂ ಅನಾಥ. ಅದೇ ವಿದ್ಯೆಗೆ ಐರೋಲಿ, ಮಹಾಪೆಯ ಕಂಪೆನಿಗಳು ಕಾಯಂ ನೌಕರಿ ನೀಡುವಾಗ ಹೆತ್ತವರು ಮಗನನ್ನು ಯಾವ ದಾರಿಗೆ ಕಳುಹಿಸಿಯಾರು? ಅವರನ್ನು ದೂರುವಂತಿಲ್ಲ. ಸೂಪರ್‌ಕಂಪ್ಯೂಟರ್ ಕೊಳ್ಳುವ ಸಂಸ್ಥೆಗಳು ಅದರೊಡನೆಯೇ ಐದು ವರ್ಷಗಳ ಕೆಲವು ಹುದ್ದೆಗಳನ್ನಾದರೂ ಮಂಜೂರು ಮಾಡಿಸಿಕೊಳ್ಳಬೇಕಿತ್ತು.

ನಮ್ಮ ಸಂಘಗಳೂ ಹತ್ತನೆಯ, ಹನ್ನೆರಡನೆಯ ತರಗತಿಯ ಪ್ರತಿಭಾ ಪುರಸ್ಕಾರಕ್ಕೇ ತೃಪ್ತವಾಗಿವೆ. ಡಾಕ್ಟರೇಟ್ ಬಂದರೆ ಒಂದು ಶಾಲು, ಆನಂತರ ವಿಚಾರಿಸುವವರಿಲ್ಲ. ಆಸಕ್ತ ತರುಣ ತರುಣಿಯರು ಲಿನಕ್ಸ್, ಸಿ ಅಥವಾ ಫೋರ್ಟ್ರಾನ್ ಹಾಗೂ ಎಂಪಿಐಯಲ್ಲಿ ಕೈ ಪಳಗಿಸಿಕೊಂಡು, ಜಾಹೀರಾತಿಗೆ ಕಾಯದೆ ಪ್ರಾಧ್ಯಾಪಕರಿಗೆ ನೇರವಾಗಿ ಬರೆಯುವುದು ಲೇಸು. ಫೆಲೋಶಿಪ್ ಅರ್ಜಿಗೆ ಮಾರ್ಗದರ್ಶಕರ ಒಪ್ಪಿಗೆ ಬೇಕೇ ಬೇಕು. ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಪವಯಿಯ ಐಐಟಿ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಣುಶಕ್ತಿ ನಗರದ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆ, ಮೂರೂ ತುರ್ಭೆಯಿಂದ ದಿನವೂ ಹೋಗಿಬರಬಹುದಾದ ದೂರದಲ್ಲಿವೆ.