ನಡುವಿನ ಕಲ್ಲಿಗೆ ಕೈ ಹಾಕುವುದು ಯಾವಾಗ?



ನಮ್ಮೂರ ಗರಡಿ ಮನಿ ಮುಂದೆ ಮೂರು ಗುಂಡುಕಲ್ಲು ಇವೆ. ಸಣ್ಣದು 20 ಕಿಲೋ, ನಡುವಿನದು 40 ಕಿಲೋ. ದೊಡ್ಡದನ್ನು ಯಾರೂ ತೂಗಿಲ್ಲ. ಹುಡುಗರು ಸಣ್ಣ ಕಲ್ಲನ್ನು ಒಮ್ಮೆ ಹೆಗಲಿಗೆ ಹಾಕಿದರೆ ಸಾಕು, ಕಟ್ಟಿ ಮೇಲೆ ಕೂತವರು "ಇನ್ನೆಷ್ಟು ದಿನ ಆ ಗೋಲಿ ಎತ್ತತೀಯೋ?" ಅಂತ ನಗತಾರ. ಆಗ ಹುಡುಗ ಹುರುಪಿಗೆ ಬಿದ್ದು ನಡುವಿನ ಕಲ್ಲಿಗೆ ಕೈ ಹಾಕತಾನ. ಹೋದ ಜಾತ್ರೆ ಮುಂದೆ ಹಿಂಗೇ ಒಬ್ಬ ಅಣ್ಣ ಸೊಂಟ ಹಿಡಿಸಿಕೊಂಡು ಒಂದು ತಿಂಗಳು ಮಲಗಿದ. ಅವರ ಮನೆಯಲ್ಲಿ ದುಡಿಯೋನು ಅವನೊಬ್ಬನೇ. ನಕ್ಕವರು ಯಾರೂ ಅವನ ಹೊಲ ಹರಗಲು ಬರಲಿಲ್ಲ.

ನನ್ನ ಅಭಿಪ್ರಾಯ ಏನೆಂದರೆ, ಮುಂದಿನ ಹಂತಕ್ಕೆ ಹೋಗುವ ಹೊತ್ತನ್ನು ಕಟ್ಟಿ ಮೇಲಿನವರು ಹೇಳಬಾರದು. ಮೈ ಹೇಳಬೇಕು. ಹೊಸದಾಗಿ ಸಾಮು ಮಾಡುವವರ ಶಕ್ತಿ ಬೇಗ ಬೇಗ ಏರುತ್ತದೆ. ಯಾಕೆಂದರೆ ಮೊದಲ ಕೆಲವು ವಾರ ರಟ್ಟೆ ದಪ್ಪ ಆಗುವುದಕ್ಕಿಂತ ಹೆಚ್ಚಾಗಿ, ಇರುವ ಸ್ನಾಯುಗಳನ್ನು ಒಟ್ಟಿಗೆ ದುಡಿಸುವುದನ್ನು ನರಗಳು ಕಲಿಯುತ್ತವೆ. ಹೀಗೆ ಏರುತ್ತಿರುವ ತನಕ ನಾವು ಮೊದಲ ಹಂತದಲ್ಲೇ ಇದ್ದೇವೆ. ಅದರಲ್ಲಿ ನಾಚಿಕೆ ಏನು ಬಂತು? ಹೊಟ್ಟೆ ತುಂಬ ಉಂಡು, ಚೆನ್ನಾಗಿ ನಿದ್ದೆ ಮಾಡಿ, ಬೆನ್ನು ಬಾಗದಂತೆ ಎತ್ತಿದರೂ ಎರಡು ಮೂರು ವಾರ ಒಂದು ಕಿಲೋನೂ ಹೆಚ್ಚಿಗೆ ಏಳದಿದ್ದರೆ, ಆಗ ಎರಡನೇ ಹಂತ ಬಂತು ಅಂತ ತಿಳಿಯಬೇಕು. ರಾತ್ರಿಯೆಲ್ಲ ಬಯಲಾಟ ನೋಡಿ ಬಂದು "ನನ್ನ ಶಕ್ತಿ ನಿಂತುಬಿಡ್ತು" ಅನ್ನೋದು ಲೆಕ್ಕಕ್ಕಿಲ್ಲ.

ಎರಡನೇ ಹಂತ ಅಂದರೆ ಒಮ್ಮೆಲೇ ದೊಡ್ಡ ಕಲ್ಲು ಅಲ್ಲ. ಒಂದು ದಿನ ಭಾರ, ಇನ್ನೊಂದು ದಿನ ಹಗುರ ಎತ್ತಬೇಕು. ಎತ್ತಿದಾಗೆಲ್ಲ ತೂಕ ಏರಿಸದೆ ವಾರಕ್ಕೊಮ್ಮೆ ಏರಿಸಬೇಕು. ಮುಂದೆ ಹೋದಂತೆ ಏರುವುದು ಇನ್ನೂ ನಿಧಾನ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಅವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ಅಂಥವರಿಗೇ ಎರಡು ಬಗೆಯ ಎತ್ತುವಿಕೆ ಕೂಡಿಸಿದರೂ ನಾಲ್ಕು ವರ್ಷಕ್ಕೆ 20 ಕಿಲೋ ಹೆಚ್ಚಾಯಿತು. ನಾವು ಒಂದೇ ಸಂಜೆ 20ರಿಂದ 40ಕ್ಕೆ ಜಿಗಿಯುತ್ತೇವೆ!

ತಪ್ಪು ಕಲ್ಲಿನದೂ ಇದೆ. 20ಕ್ಕೂ 40ಕ್ಕೂ ನಡುವೆ ಮೆಟ್ಟಿಲೇ ಇಲ್ಲ. ಅದಕ್ಕೆ ನನ್ನದೊಂದು ಸಲಹೆ. ತೊಳೆದ ಗೊಬ್ಬರದ ಚೀಲಕ್ಕೆ ಉಸುಕು ತುಂಬಿ, ಅಂಗಡಿ ತಕ್ಕಡಿಯಲ್ಲಿ ತೂಗಿ, 10 ಕಿಲೋದಿಂದ ಶುರು ಮಾಡೋಣ. ಸಲೀಸಾಗಿ ಹತ್ತು ಸಲ ಎತ್ತಿದವರು ಮುಂದಿನ ಸಲ ಒಂದು ಕಿಲೋ ಉಸುಕು ಹಾಕಲಿ. ಹುಡುಗಿಯರೂ ಎತ್ತಲಿ. ದಿನಾ ತುಂಬಿದ ಕೊಡ ಹೊರುವವರಿಗೆ ಇದೇನು ಹೊಸದಲ್ಲ. (ಗರಡಿ ಮನಿಯೊಳಗೆ ಅವರನ್ನು ಯಾಕೆ ಬಿಡೋದಿಲ್ಲವೋ, ಅದನ್ನು ಬೇರೆ ಸಂಚಿಕೆಯಲ್ಲಿ ಬರೀತೀನಿ.) ಆಟದ ಪಿರಿಯಡ್‌ನಲ್ಲಿ ಗುರುಗಳು ಎದುರಿಗೆ ನಿಂತು ನಮ್ಮ ಬೆನ್ನು ನೋಡಬೇಕು. ಯಾರದು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟರೆ, ಅಂಕಿ ಎಲ್ಲಿ ನಿಂತಿತು ಅಂತ ಎಲ್ಲರಿಗೂ ಕಾಣುತ್ತದೆ.

ಚೀಲ ನಮ್ಮ ಮನೆಯಲ್ಲಿ ಎರಡು ಇವೆ. ಹಳ್ಳದಿಂದ ಉಸುಕು ತರಲು ಶನಿವಾರ ಶಾಲೆ ಬಿಟ್ಟ ಮೇಲೆ ಯಾರ್ಯಾರು ಬರತೀರಿ, ಹೇಳಿರಿ.

– 7ನೇ ತರಗತಿ ವಿದ್ಯಾರ್ಥಿ